ಹಗಲು ಒಬ್ಬರದು, ರಾತ್ರಿ ಇನ್ನೊಬ್ಬರದು: ಗ್ವಾಡಲ್‌ಕೆನಾಲ್‌ನ ನಾಲ್ಕು ದಿನ

ಪೆಸಿಫಿಕ್ ಯುದ್ಧ ಅಂದ ತಕ್ಷಣ ಎಲ್ರೂ ಪರ್ಲ್ ಹಾರ್ಬರ್, ಮಿಡ್‌ವೇ, ಆಮೇಲೆ ಸೀದಾ ಹಿರೋಷಿಮಾ ಅಂತ ಮುಗಿಸಿಬಿಡ್ತಾರೆ. ನನಗೆ ಮಾತ್ರ ಎಷ್ಟು ಸಲ ಓದಿದ್ರೂ ಸಾಕಾಗದೇ ಇರೋದು 1942ರ ಅಕ್ಟೋಬರ್ 13ರಿಂದ 16ರವರೆಗಿನ ನಾಲ್ಕು ದಿನ, ಜಾಗ ಸೊಲೊಮನ್ ದ್ವೀಪಗಳಲ್ಲಿರೋ ಗ್ವಾಡಲ್‌ಕೆನಾಲ್. ಕಾರಣ ಸಿಂಪಲ್, ನಾನು ಗೋಡೌನ್‌ನಲ್ಲಿ ಸ್ಟಾಕ್ ರಿಜಿಸ್ಟರ್ ಬರೆದು ಹೊಟ್ಟೆ ಹೊರ್ಕೊಳ್ಳೋ ಮನುಷ್ಯ, ಈ ನಾಲ್ಕು ದಿನದ ಯುದ್ಧ ಮೇಲಿಂದ ನೋಡೋಕೆ ಫಿರಂಗಿ-ವಿಮಾನದ ಥರ ಕಂಡ್ರೂ ಒಳಗೆ ಪೂರ್ತಿ ಪೆಟ್ರೋಲ್ ಡ್ರಮ್ಮಿನ ಲೆಕ್ಕ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಲುಂಗಾ ಅನ್ನೋ ಕಡೆ, ಲೀವರ್ ಕಂಪನಿಯ ತೆಂಗಿನ ತೋಟಗಳ ಪಕ್ಕದ ಬಯಲಲ್ಲಿ ಜಪಾನಿನವರು ಏರ್‌ಫೀಲ್ಡ್ ಕಟ್ತಾ ಇದ್ರು. ಅದು ರೆಡಿಯಾಗಿದ್ರೆ ಅಮೆರಿಕದಿಂದ ಆಸ್ಟ್ರೇಲಿಯಾಗೆ ಹೋಗೋ ಹಡಗುಗಳಿಗೆ ಕುತ್ತು. ಆಗಸ್ಟ್ 7ಕ್ಕೆ ಜನರಲ್ ವ್ಯಾಂಡೆಗ್ರಿಫ್ಟ್ ಕೈಕೆಳಗಿನ ಅಮೆರಿಕನ್ ಮೆರೀನ್‌ಗಳು, ಅಂದ್ರೆ ಸಮುದ್ರದಿಂದ ದಡಕ್ಕಿಳಿದು ಹೋರಾಡೋ ಪಡೆಯವರು, ಇಳಿದ್ರು, ಮಾರನೇ ದಿನವೇ ಅರ್ಧಂಬರ್ಧ ಕಟ್ಟಿದ್ದ ಫೀಲ್ಡ್ ಅವರ ಕೈಗೆ ಬಂತು. ಮಿಡ್‌ವೇನಲ್ಲಿ ಸತ್ತ ಮೆರೀನ್ ಪೈಲಟ್ ಮೇಜರ್ ಲಾಫ್ಟನ್ ಹೆಂಡರ್ಸನ್ ನೆನಪಿಗೆ ಹೆಂಡರ್ಸನ್ ಫೀಲ್ಡ್ ಅಂತ ಹೆಸರಿಟ್ರು. ಆಗಸ್ಟ್ 20ಕ್ಕೆ ಮೊದಲ ವಿಮಾನಗಳು ಬಂದವು, 19 ವೈಲ್ಡ್‌ಕ್ಯಾಟ್ ಫೈಟರು, 12 ಡಾಂಟ್‌ಲೆಸ್ ಡೈವ್ ಬಾಂಬರು. ಆ ದ್ವೀಪದ ಕೋಡ್ ಹೆಸರು ಕ್ಯಾಕ್ಟಸ್, ಹಾಗಾಗಿ ಈ ಗುಂಪಿಗೆ ಕ್ಯಾಕ್ಟಸ್ ಏರ್‌ಫೋರ್ಸ್ ಅಂತ ಹೆಸರು ಬಿತ್ತು, ಅಂದ್ರೆ ಕಳ್ಳಿ ಪಡೆ. ಹೆಸರಿಗೆ ತಕ್ಕ ಹಾಗೇ ಇತ್ತು ಬಿಡಿ, ನೀರು ಗೊಬ್ಬರ ಇಲ್ದೇ ಬದುಕೋ ಗಿಡ.

ಈಗ ಅಲ್ಲಿನ ದಿನಚರಿ ಹೇಳ್ಬೇಕು, ಅದು ಅರ್ಥ ಆಗ್ದೇ ಇದ್ರೆ ಮುಂದಿನದು ಯಾವ್ದೂ ಅರ್ಥ ಆಗಲ್ಲ. ಜಪಾನಿನ ದೊಡ್ಡ ವಾಯುನೆಲೆ ರಬೌಲ್‌ನಲ್ಲಿ, ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ದೂರ. ಬೆಳಗ್ಗೆ ಅಲ್ಲಿಂದ ಹೊರಟ ಬಾಂಬರುಗಳು ಗ್ವಾಡಲ್‌ಕೆನಾಲ್ ತಲುಪೋದು ಮಧ್ಯಾಹ್ನದ ಆಸುಪಾಸು, ಜೊತೆಗೆ ಬರೋ ಝೀರೋ ಫೈಟರುಗಳಿಗೆ ವಾಪಸ್ ಹೋಗೋಕೆ ಪೆಟ್ರೋಲ್ ಉಳಿಸ್ಕೋಬೇಕು, ಅದಕ್ಕೆ ಮೇಲೆ ಜಾಸ್ತಿ ಹೊತ್ತು ಸುತ್ತೋ ಹಾಗಿಲ್ಲ. ಹೀಗಾಗಿ ದಾಳಿ ಊಟದ ಬೆಲ್ ಹೊಡೆದ ಹಾಗೆ ಒಂದೇ ಟೈಮಿಗೆ ಬರ್ತಿತ್ತು. ನಡುವೆ ಬೂಗನ್‌ವಿಲ್ ದ್ವೀಪದ ಕಾಡಲ್ಲಿ ಪಾಲ್ ಮೇಸನ್, ಜ್ಯಾಕ್ ರೀಡ್ ಅಂತ ಇಬ್ರು ಕೋಸ್ಟ್‌ವಾಚರ್‌ಗಳು, ಅಂದ್ರೆ ಮಿತ್ರಪಡೆಯ ಕರಾವಳಿ ಕಾವಲಿನವರು, ರೇಡಿಯೋ ಇಟ್ಕೊಂಡು ಅಡಗಿ ಕೂತಿದ್ರು, ತಲೆ ಮೇಲೆ ವಿಮಾನ ಹೋದ ತಕ್ಷಣ ಇಷ್ಟು ಬಾಂಬರು ನಿಮ್ಮ ಕಡೆ ಬರ್ತಿವೆ ಅಂತ ಮೆಸೇಜ್ ಬಿಡೋರು. ಇದ್ರಿಂದ ಹೆಂಡರ್ಸನ್‌ನವರಿಗೆ ಎರಡು ಗಂಟೆ ಹತ್ತಿರ ಟೈಮ್ ಸಿಗ್ತಿತ್ತು. ವೈಲ್ಡ್‌ಕ್ಯಾಟ್ ಮೇಲೇರೋದ್ರಲ್ಲಿ ಸೋಂಬೇರಿ, ಬಾಂಬರುಗಳಿಗಿಂತ ಎತ್ತರಕ್ಕೆ ಹೋಗೋಕೆ ಮುಕ್ಕಾಲು ಗಂಟೆ ಹತ್ತಿರ ಬೇಕು, ಅಂದ್ರೆ ಕಾಡಲ್ಲಿ ಕೂತ ಆ ಇಬ್ರ ಮೆಸೇಜ್ ಇಲ್ದೇ ಇದ್ರೆ ವೈಲ್ಡ್‌ಕ್ಯಾಟ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ.

ಇದು ಹಗಲಿನ ಕಥೆ. ಸೂರ್ಯ ಮುಳುಗಿದ್ರೆ ಯಜಮಾನ ಬದಲು. ಆ ಕಾಲದಲ್ಲಿ ಅಂಥ ಫೀಲ್ಡಿಂದ ರಾತ್ರಿ ಹಾರಿ ಹಡಗು ಹೊಡೆಯೋದು ನೆಚ್ಚಿಕೊಳ್ಳೋ ಕೆಲಸ ಆಗಿರ್ಲಿಲ್ಲ, ಅದನ್ನ ಜಪಾನಿನವರು ಚೆನ್ನಾಗಿ ತಿಳ್ಕೊಂಡಿದ್ರು. ಡಿಸ್ಟ್ರಾಯರ್‌ಗಳಲ್ಲಿ, ಅಂದ್ರೆ ವೇಗದ ಸಣ್ಣ ಯುದ್ಧನೌಕೆಗಳಲ್ಲಿ, ಸೈನಿಕರನ್ನ ತುಂಬ್ಕೊಂಡು ಸಂಜೆವರೆಗೆ ವಿಮಾನಗಳ ಕೈಗೆಟುಕದ ಹಾಗೆ 200 ನಾಟಿಕಲ್ ಮೈಲಿ (ಸುಮಾರು 370 ಕಿಲೋಮೀಟರ್) ಆಚೆ ಕಾಯೋದು, ಕತ್ತಲಾಗ್ತಿದ್ದ ಹಾಗೆ 30 ನಾಟ್ (ಗಂಟೆಗೆ ಸುಮಾರು 55 ಕಿಲೋಮೀಟರ್) ಸ್ಪೀಡಲ್ಲಿ ದ್ವೀಪಗಳ ನಡುವಿನ ಓಣಿಯಂಥ ಸಮುದ್ರದಲ್ಲಿ ನುಗ್ಗೋದು, ಮಧ್ಯರಾತ್ರಿ ಹೊತ್ತಿಗೆ ಇಳಿಸೋದು, ಬೆಳಗಾಗೋದ್ರೊಳಗೆ ಮತ್ತೆ ದೂರ ಓಡೋದು. ಸಮಭಾಜಕ ವೃತ್ತದ ಹತ್ತಿರ ಆದ್ದರಿಂದ ವರ್ಷಪೂರ್ತಿ ರಾತ್ರಿ ಸುಮಾರು ಹನ್ನೆರಡು ಗಂಟೆ ಉದ್ದ, ಲೆಕ್ಕ ಸರಿಯಾಗಿ ಕೂರ್ತಿತ್ತು. ಅಮೆರಿಕನ್ನರು ಇದಕ್ಕೆ ಟೋಕಿಯೋ ಎಕ್ಸ್‌ಪ್ರೆಸ್ ಅಂತ ಹೆಸರಿಟ್ರು, ಜಪಾನಿನವರೇ ಅದನ್ನ ಇಲಿ ಸಾಗಣೆ ಅಂತ ಕರೀತಿದ್ರು, ನನಗೆ ಎರಡನೇದೇ ಸರಿ ಅನ್ಸುತ್ತೆ. ರಾತ್ರಿ ಬಂದು ಕಾಳು ಎತ್ಕೊಂಡು ಬೆಳಗಾಗೋದ್ರೊಳಗೆ ಬಿಲ ಸೇರೋದು.

ಆದ್ರೆ ಇಲಿ ಬೆನ್ನ ಮೇಲೆ ಮೂಟೆ ಹೊರಿಸೋಕಾಗಲ್ಲ. ಡಿಸ್ಟ್ರಾಯರ್‌ನಲ್ಲಿ ಜನ ಹಿಡೀತಾರೆ, ದೊಡ್ಡ ಫಿರಂಗಿ, ಟ್ಯಾಂಕು, ವಾರಗಟ್ಟಲೆಯ ಅಕ್ಕಿ ಹಿಡಿಯಲ್ಲ. ಅದಕ್ಕೆ ಸರಕು ಹಡಗು ಬೇಕು. ಸರಕು ಹಡಗಿನ ಸ್ಪೀಡು ಡಿಸ್ಟ್ರಾಯರ್‌ದರಲ್ಲಿ ಅರ್ಧ ಇದ್ರೆ ಹೆಚ್ಚು, ಒಂದೇ ರಾತ್ರಿಲಿ ಬಂದು ಇಳಿಸಿ ಹೋಗೋದು ಆಗದ ಮಾತು, ಬರುವಾಗಲೋ ಹೋಗುವಾಗಲೋ ಒಂದು ಹಗಲು ವಿಮಾನಗಳ ಕಣ್ಣಿಗೆ ಬಿದ್ದೇ ಬೀಳುತ್ತೆ. ಅಕ್ಟೋಬರ್‌ನಲ್ಲಿ ಜಪಾನಿನವರು ಆರು ವೇಗದ ಸರಕು ಹಡಗುಗಳ ಕಾನ್ವಾಯ್ ಕಳಿಸೋಕೆ ಹೊರಟಾಗ ಎದುರಿಗಿದ್ದ ಸಮಸ್ಯೆ ಇದೇ. ಅವರು ಕಂಡ್ಕೊಂಡ ಉಪಾಯ ಏನಪ್ಪಾ ಅಂದ್ರೆ, ಕಾನ್ವಾಯ್ ಬರೋ ಮುಂಚೆ ಏರ್‌ಫೀಲ್ಡನ್ನೇ ಮುಗಿಸಿಬಿಡೋದು, ಆಗ ಹಗಲೂ ನಮ್ಮದೇ.

13ನೇ ತಾರೀಖು ಬೆಳಗ್ಗೆ ಅಮೆರಿಕನ್ನರಿಗೆ ಒಂದು ಒಳ್ಳೇ ಸುದ್ದಿ ಇತ್ತು, ನಾರ್ತ್ ಡಕೋಟಾ ನ್ಯಾಷನಲ್ ಗಾರ್ಡ್‌ನ 164ನೇ ರೆಜಿಮೆಂಟ್, 2,800 ಚಿಲ್ಲರೆ ಜನ, ಬಂದಿಳಿದ್ರು. ಪಾಪ ಅವರಿಗೆ ಸಿಕ್ಕ ಸ್ವಾಗತ ಏನು ಅಂತ ನೋಡಿ. ಮಧ್ಯಾಹ್ನದ ದಾಳಿಗೆ ಆವತ್ತು ಸಮಯಕ್ಕೆ ಎಚ್ಚರಿಕೆ ಬರ್ಲಿಲ್ಲ, ವೈಲ್ಡ್‌ಕ್ಯಾಟುಗಳು ಇನ್ನೂ ಮೇಲೇರ್ತಾ ಇರುವಾಗಲೇ ಬಾಂಬು ಬಿತ್ತು, ರನ್‌ವೇ ಹೊಂಡ ಆಯ್ತು, 5,000 ಗ್ಯಾಲನ್ ವಿಮಾನ ಪೆಟ್ರೋಲ್ ಹೊತ್ತಿ ಉರಿದೋಯ್ತು. ಇಳಿದು ಪೆಟ್ರೋಲ್ ತುಂಬ್ಕೊಳ್ತಿರುವಾಗ ಎರಡನೇ ದಾಳಿ. ಸಂಜೆಗೆ ಕಾಡಿನೊಳಗಿಂದ ಹೊಸ ಸದ್ದು, ಜಪಾನಿನವರ 150 ಮಿಲಿಮೀಟರ್ ಹಾವಿಟ್ಜರ್ ಫಿರಂಗಿಗಳು ರನ್‌ವೇ ಮೇಲೆ ಗುಂಡು ಹಾಕೋಕೆ ಶುರು ಮಾಡಿದ್ವು. ಮೆರೀನ್‌ಗಳು ಅದಕ್ಕೆ ಪಿಸ್ತೂಲ್ ಪೀಟ್ ಅಂತ ನಾಮಕರಣ ಮಾಡಿದ್ರು, ಕಾಟ ಕೊಡೋ ಪ್ರತಿಯೊಂದಕ್ಕೂ ಒಂದು ಅಡ್ಡಹೆಸರು ಇಡೋ ಚಟ ಅವರಿಗೆ.

ರಾತ್ರಿ ಒಂದೂವರೆ ದಾಟಿತ್ತು, 1:33. ಜಪಾನಿನ ವೈಸ್ ಅಡ್ಮಿರಲ್ ಕುರಿತಾ ಕೊಂಗೊ, ಹರೂನಾ ಅನ್ನೋ ಎರಡು ಬ್ಯಾಟಲ್‌ಶಿಪ್, ಅಂದ್ರೆ ದೊಡ್ಡ ಫಿರಂಗಿಗಳ ಭಾರೀ ಯುದ್ಧನೌಕೆ, ತಗೊಂಡು ಬಂದಿದ್ದ, ಜೊತೆಗೆ ಒಂದು ಲೈಟ್ ಕ್ರೂಸರು, 9 ಡಿಸ್ಟ್ರಾಯರು. ಮೇಲೆ ಪುಟ್ಟ ಸೀಪ್ಲೇನುಗಳು ಬಣ್ಣದ ಬೆಳಕಿನ ಫ್ಲೇರ್ ಬಿಟ್ಟು ಫೀಲ್ಡ್ ಎಲ್ಲಿದೆ ಅಂತ ತೋರಿಸಿದ್ವು. ಆಮೇಲೆ 14 ಇಂಚಿನ ಫಿರಂಗಿಗಳು ಬಾಯಿಬಿಟ್ವು, ಒಂದೊಂದು ಶೆಲ್ 600 ಕಿಲೋಗೂ ಮೇಲೆ, ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ 973. ಅದರಲ್ಲಿ ನೂರು ಚಿಲ್ಲರೆ ಸಾನ್‌ಷಿಕಿ ಅನ್ನೋ ಹೊಸ ಥರದ್ದು, ಮೂಲದಲ್ಲಿ ವಿಮಾನ ಹೊಡೆಯೋಕೆ ಮಾಡಿದ್ದು, ಒಳಗೆ ಬೆಂಕಿ ಹಚ್ಚೋ ಕೊಳವೆಗಳು, ಮೇಲೆ ಒಡೆದು ಬೆಂಕಿ ಮಳೆ ಸುರಿಸುತ್ತೆ. ದಡದಲ್ಲಿದ್ದ ಮೆರೀನ್‌ಗಳ 5 ಇಂಚಿನ ಫಿರಂಗಿಗೆ ಅಷ್ಟು ದೂರ ಎಟುಕ್ತಿರ್ಲಿಲ್ಲ. ಎದುರಿನ ತುಳಗಿ ದ್ವೀಪಕ್ಕೆ ಆಗ ತಾನೇ ಬಂದಿದ್ದ ಅಮೆರಿಕನ್ನರ ನಾಲ್ಕು ಪುಟಾಣಿ ಟಾರ್ಪೆಡೊ ಬೋಟುಗಳು ಬ್ಯಾಟಲ್‌ಶಿಪ್ ಮೇಲೇ ನುಗ್ಗಿದ್ವು, ಏನೂ ತಾಗ್ಲಿಲ್ಲ, ಆದ್ರೂ ಆ ಧೈರ್ಯಕ್ಕೆ ಒಂದು ಸಲಾಮು.

ಕೆಳಗೆ ಗುಂಡಿಲಿ ಕೂತವರಿಗೆ ಮಾಡೋಕೆ ಕೆಲಸ ಅಂತ ಒಂದೂ ಇರ್ಲಿಲ್ಲ. ಬಾಂಬರ್ ಬಂದ್ರೆ ಎರಡು ನಿಮಿಷದಲ್ಲಿ ಹೋಗುತ್ತೆ, ಇದು ಹೋಗ್ತಾನೇ ಇಲ್ಲ. ತೆಂಗಿನ ಮರ ನಡುವಿಗೇ ಮುರಿದು ಗುಂಡಿಗಳ ಮೇಲೆ ಬೀಳ್ತಿತ್ತು, ಪೆಟ್ರೋಲ್ ಉರಿಯೋ ಬೆಳಕಲ್ಲಿ ಇಡೀ ತೋಟ ಹಗಲಿನ ಹಾಗೆ. 41 ಜನ ಸತ್ರು, ಅದರಲ್ಲಿ ವಿಮಾನ ಹಾರಿಸೋರೇ ಆರು ಮಂದಿ. ಗ್ವಾಡಲ್‌ಕೆನಾಲ್‌ನಲ್ಲಿ ಇದ್ದು ಬಂದವರು ಆಮೇಲೆ ಬರೀ 'ಆ ರಾತ್ರಿ' ಅಂದ್ರೆ ಸಾಕಿತ್ತು, ತಾರೀಖು ಹೇಳೋ ಅವಶ್ಯಕತೆನೇ ಇರ್ತಿರ್ಲಿಲ್ಲ.

ಬೆಳಗ್ಗೆ ಸ್ಟಾಕ್ ನೋಡಿದ್ರೆ: ಇದ್ದ 90 ವಿಮಾನದಲ್ಲಿ 48 ಹೋಗಿತ್ತು. ಡೈವ್ ಬಾಂಬರುಗಳಿಗೇ ಏಟು ಜಾಸ್ತಿ. ಪೆಟ್ರೋಲ್ ಬಹುತೇಕ ಪೂರ್ತಿ ಖಾಲಿ. ಅದೇ ಟೈಮಲ್ಲಿ ಉತ್ತರದಿಂದ ಆರು ಸರಕು ಹಡಗು ಬರ್ತಿವೆ ಅಂತ ಸುದ್ದಿ. ಆರ್ಮಿ ಫೈಟರ್ ಪೈಲಟ್‌ಗಳನ್ನ ಸೇರಿಸಿ ಒಬ್ಬ ಕರ್ನಲ್ ಹೇಳಿದ ಮಾತಿನ ಸಾರ ಇಷ್ಟು: ಫೀಲ್ಡ್ ಉಳಿಯುತ್ತೋ ಇಲ್ವೋ ಗೊತ್ತಿಲ್ಲ, ಒಂದು ಸಲ ಹೋಗಿ ಹೊಡ್ದು ಬರೋಕೆ ಪೆಟ್ರೋಲ್ ಇದೆ, ಅದು ಮುಗಿದ ಮೇಲೆ ನೀವೆಲ್ಲ ಬಂದೂಕು ಹಿಡ್ಕೊಂಡು ಕಾಲಾಳು ಪಡೆ ಸೇರ್ಕೊಳ್ಳಿ. ಪೈಲಟ್‌ಗೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ.

ಕುರಿತಾ ಮಾಡಿದ ಕೆಲಸದಲ್ಲಿ ತಪ್ಪಿಲ್ಲ, ಅವನಿಗೆ ಹೇಳಿದ್ದನ್ನ ಅವನು ಮಾಡಿ ಮುಗಿಸಿದ್ದ. ಆದ್ರೂ ಎರಡು ಸಣ್ಣ ಸಂಗತಿ ಅವನ ಕಣ್ತಪ್ಪಿತ್ತು.

ಒಂದು, ಮುಖ್ಯ ರನ್‌ವೇಯಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಫೈಟರ್ ಒನ್ ಅನ್ನೋ ಹುಲ್ಲಿನ ಪಟ್ಟಿ ಇತ್ತು, ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು, ನೋಡೋಕೆ ದನ ಮೇಯಿಸೋ ಜಾಗದ ಥರ. ಅದಕ್ಕೆ ಏಟು ಕಮ್ಮಿ ಬಿದ್ದಿತ್ತು, ಫೈಟರುಗಳು ಅಲ್ಲಿಂದ ಹಾರಬಹುದಾಗಿತ್ತು. ಇನ್ನು ದೊಡ್ಡ ರನ್‌ವೇ ರಿಪೇರಿಗೆ ಸೀಬೀಸ್ ಇದ್ರು, ಅಂದ್ರೆ ನೌಕಾಪಡೆಯ ಕಟ್ಟಡ ಕೆಲಸದೋರು, ಊರಲ್ಲಿ ರಸ್ತೆ-ಸೇತುವೆ ಕೆಲಸ ಮಾಡ್ತಿದ್ದ ಮೇಸ್ತ್ರಿಗಳು, ಬುಲ್ಡೋಜರ್ ಡ್ರೈವರ್‌ಗಳು. ಇವರ ಪದ್ಧತಿ ನನಗೆ ತುಂಬಾ ಇಷ್ಟ. ಒಂದು ಬಾಂಬಿನ ಗುಂಡಿ ಮುಚ್ಚೋಕೆ ಎಷ್ಟು ಮಣ್ಣು-ಜಲ್ಲಿ ಬೇಕು ಅಂತ ಮೊದಲೇ ಅಳತೆ ಮಾಡಿ, ಅಷ್ಟನ್ನ ಲಾರಿಗೆ ತುಂಬಿಸಿ ರನ್‌ವೇ ಪಕ್ಕ ಸಾಲಾಗಿ ನಿಲ್ಲಿಸಿರೋರು. ರನ್‌ವೇ ಮೇಲೆ ಹಾಸಿದ್ದು ತೂತು ತೂತಿನ ಕಬ್ಬಿಣದ ಹಲಗೆ, ಮಾರ್ಸ್ಟನ್ ಮ್ಯಾಟ್ ಅಂತ, ಅದನ್ನೂ ಒಂದು ಗುಂಡಿಗೆ ಇಷ್ಟು ಅಂತ ಕಟ್ಟು ಕಟ್ಟಿ ಇಟ್ಟಿರೋರು. ಬಾಂಬು ಬಿತ್ತು, ಓಡು, ಹರಿದ ಹಲಗೆ ಕೀಳು, ಲಾರಿ ಸುರಿ, ತುಳಿ, ಹೊಸ ಹಲಗೆ ಹಾಕು. 500 ಪೌಂಡ್ ಬಾಂಬಿನ ಒಂದು ಗುಂಡಿಯನ್ನ ನೂರು ಜನ ಸೇರಿ 40 ನಿಮಿಷದಲ್ಲಿ ಮುಗಿಸ್ತಿದ್ರು. ಆವತ್ತು ಬೆಳಗ್ಗೆನೂ ಕೆಲವೇ ಗಂಟೆಗಳಲ್ಲಿ ವಿಮಾನ ಓಡೋ ಹಾಗೆ ಮಾಡಿಟ್ರು, ಪಿಸ್ತೂಲ್ ಪೀಟ್ ಮಧ್ಯೆ ಮಧ್ಯೆ ಗುಂಡು ಹಾಕ್ತಾನೇ ಇದ್ದ ಅನ್ನೋದನ್ನ ಮರೀಬೇಡಿ.

ಎರಡು, ಡ್ರಮ್ಮು. ವಿಮಾನ ಇದೆ ಪೆಟ್ರೋಲ್ ಇಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋ ಸ್ಥಿತಿ. ಕ್ಯಾಕ್ಟಸ್ ಏರ್‌ಫೋರ್ಸಿನ ಮುಖ್ಯಸ್ಥ ರಾಯ್ ಗೈಗರ್ ಅನ್ನೋ ಮೆರೀನ್ ಜನರಲ್, ಪೆಟ್ರೋಲ್ ಇಲ್ಲ ಸಾರ್ ಅಂದವರಿಗೆ ಹಾಗಾದ್ರೆ ಹುಡುಕಿ ಅಂದ. ಹುಡುಕಿದ್ರು. ಒಡೆದು ಬಿದ್ದಿದ್ದ ಎರಡು ಬಿ-17 ಬಾಂಬರುಗಳ ಟ್ಯಾಂಕಿಗೆ ಪೈಪ್ ಹಾಕಿ ಎಳ್ಕೊಂಡ್ರು. ಮೊದಲ ದಿನಗಳಲ್ಲಿ ಒಂದೇ ಕಡೆ ಇಟ್ರೆ ಸುಟ್ಟೋಗುತ್ತೆ ಅಂತ ಫೀಲ್ಡಿನ ಆಚೆ ಮರಗಳ ಕೆಳಗೆ ಅಲ್ಲಲ್ಲಿ ಬಚ್ಚಿಟ್ಟು ಆಮೇಲೆ ಮರೆತೇಬಿಟ್ಟಿದ್ದ ಡ್ರಮ್‌ಗಳು ಯಾರಿಗೋ ನೆನಪಾದ್ವು, ಹೋಗಿ ನೋಡಿದ್ರೆ ನಾನೂರರ ಸುಮಾರು. ಸ್ಟಾಕ್ ರಿಜಿಸ್ಟರ್‌ನಲ್ಲಿ ಇಲ್ಲದ ಮಾಲು ಗೋಡೌನ್ ಮೂಲೆಲಿ ಸಿಕ್ಕಾಗ ಆಡಿಟ್ ದಿನ ಬೈಸ್ಕೋತೀವಿ, ಇಲ್ಲಿ ಅದೇ ಅಶಿಸ್ತು ಒಂದು ದ್ವೀಪ ಉಳಿಸ್ತು.

ಡ್ರಮ್ಮಿಗೆ ಎಷ್ಟು ಬೆಲೆ ಅಂತ ತಿಳ್ಕೊಳ್ಳೋಕೆ ಇನ್ನೊಂದು ಲೆಕ್ಕ. ಸಾವಿರ ಕಿಲೋಮೀಟರ್ ದೂರದ ಎಸ್ಪಿರಿಟು ಸ್ಯಾಂಟೊ ದ್ವೀಪದಿಂದ ಡಕೋಟಾ ಅನ್ನೋ ಸಾಮಾನು ಸಾಗಿಸೋ ವಿಮಾನಗಳು ಪೆಟ್ರೋಲ್ ಹೊತ್ಕೊಂಡು ಬರೋಕೆ ಶುರು ಮಾಡಿದ್ವು. ಒಂದು ಟ್ರಿಪ್ಪಿಗೆ 12 ಡ್ರಮ್. ಅದ್ರಿಂದ 12 ವೈಲ್ಡ್‌ಕ್ಯಾಟ್ ಒಂದು ಗಂಟೆ ಹಾರಬಹುದು, ಅಷ್ಟೇ. ಅಂದ್ರೆ ಒಂದು ಡ್ರಮ್ ಅಂದ್ರೆ ಒಂದು ಫೈಟರಿನ ಒಂದು ಗಂಟೆ. ಈ ಲೆಕ್ಕದಲ್ಲಿ ಆ ಮರೆತುಹೋದ ನಾನೂರು ಡ್ರಮ್ ಮೂವತ್ತು ಮೂವತ್ತೈದು ಡಕೋಟಾ ಟ್ರಿಪ್ಪಿಗೆ ಸಮ.

14ಕ್ಕೆ ಎರಡು ಸಲ ಹೋಗಿ ಕಾನ್ವಾಯ್ ಮೇಲೆ ಬಿದ್ರು, ಒಂದೂ ಸರಿಯಾಗಿ ತಾಗ್ಲಿಲ್ಲ. ಆವತ್ತು ರಾತ್ರಿ ಚೊಕಾಯ್, ಕಿನುಗಾಸಾ ಅನ್ನೋ ಎರಡು ಹೆವಿ ಕ್ರೂಸರ್ ಬಂದು ಇನ್ನೊಂದು 752 ಶೆಲ್ ಸುರಿಸಿ ಹೋದ್ವು. ಮಧ್ಯರಾತ್ರಿಗೆ ಕಾನ್ವಾಯ್ ಟಸಫರೊಂಗಾ ತಲುಪ್ತು, ಫೀಲ್ಡಿನಿಂದ ಬರೀ 15-16 ಕಿಲೋಮೀಟರ್. 15ರ ಬೆಳಗ್ಗೆ ದಡದಲ್ಲಿ ನಿಂತ ಮೆರೀನ್‌ಗಳಿಗೆ ಬರಿಗಣ್ಣಿಗೇ ಕಾಣ್ತಿತ್ತು, ಜಪಾನಿನ ಸರಕು ಹಡಗುಗಳು ಹಗಲು ಹೊತ್ತಲ್ಲಿ ಯಾರ ಭಯನೂ ಇಲ್ಲದ ಹಾಗೆ ಮಾಲು ಇಳಿಸ್ತಾ ನಿಂತಿವೆ, ಮೇಲೆ ಝೀರೋಗಳು ಕಾವಲು. ಇಲಿ ಹಗಲು ಹೊತ್ತಲ್ಲೇ ಅಡುಗೆಮನೆಗೆ ಬಂದಿತ್ತು.

ಆವತ್ತು ದೊಡ್ಡ ಫಾರ್ಮೇಶನ್ನು, ಪ್ಲಾನು ಏನೂ ಇರ್ಲಿಲ್ಲ. ಯಾವ ವಿಮಾನ ರೆಡಿ ಆಯ್ತೋ ಅದಕ್ಕೆ ಕೈಪಂಪಲ್ಲಿ ಡ್ರಮ್ಮಿಂದ ಪೆಟ್ರೋಲ್ ಹಾಕು, ಬಾಂಬ್ ತೂಗಾಕು, ಗುಂಡಿಗಳ ಮಧ್ಯೆ ದಾರಿ ಮಾಡ್ಕೊಂಡು ಹಾರು, ಹತ್ತು ನಿಮಿಷದಲ್ಲಿ ಹಡಗಿನ ಮೇಲೆ, ಬಂದು ಮತ್ತೆ ತುಂಬಿಸ್ಕೋ. ಹಡಗು ಅಷ್ಟು ಹತ್ತಿರ ಇದ್ದಿದ್ದೇ ವರ ಆಯ್ತು, ಕಡಿಮೆ ಪೆಟ್ರೋಲಲ್ಲಿ ಜಾಸ್ತಿ ಸಲ ಹೋಗಬಹುದು. ಇದ್ರ ಮಧ್ಯೆ ಮೇಜರ್ ಜ್ಯಾಕ್ ಕ್ರಾಮ್ ಅಂತ ಒಬ್ಬ, ಗೈಗರ್‌ನ ಸ್ವಂತ ಓಡಾಟದ ಕ್ಯಾಟಲೀನಾ ಸೀಪ್ಲೇನಿನ ಪೈಲಟ್. ಆ ವಿಮಾನದ ರೆಕ್ಕೆ ಕೆಳಗೆ ಎರಡು ಟಾರ್ಪೆಡೊ ಕಟ್ಕೊಂಡು ಬಂದಿದ್ದ, ಅದನ್ನ ನಾನೇ ಹಾಕ್ತೀನಿ ಅಂತ ಹಠ ಹಿಡಿದ. ಕ್ಯಾಟಲೀನಾ ಅಂದ್ರೆ ಆಕಾಶದಲ್ಲಿ ಎತ್ತಿನ ಗಾಡಿ ಇದ್ದ ಹಾಗೆ, ಅದನ್ನ ತಡ್ಕೊಳ್ಳೋಕಾಗದ ಸ್ಪೀಡಲ್ಲಿ ಡೈವ್ ಹೊಡೆಸಿ ಹಡಗುಗಳ ಮಧ್ಯೆ ನುಗ್ಗಿ ಟಾರ್ಪೆಡೊ ಬಿಟ್ಟು, ಬೆನ್ನಿಗೆ ಬಿದ್ದ ಝೀರೋಗಳಿಂದ ಜರಡಿ ಆಗಿ ಫೈಟರ್ ಒನ್ ಮೇಲೆ ಇಳಿದ. ಬೆನ್ನು ಬಿಡದ ಕೊನೆ ಝೀರೋನ ಅಲ್ಲೇ ಇಳೀತಾ ಇದ್ದ ಒಂದು ವೈಲ್ಡ್‌ಕ್ಯಾಟ್ ಹೊಡೆದುರುಳಿಸ್ತು. ಸರ್ಕಾರಿ ಸ್ವತ್ತು ಹಾಳು ಮಾಡಿದ್ದಕ್ಕೆ ನಿನ್ನ ಕೋರ್ಟ್ ಮಾರ್ಷಲ್ ಮಾಡಿಸ್ತೀನಿ ಅಂತ ಗೈಗರ್ ಮೊದಲು ಗದರಿದನಂತೆ, ಆಮೇಲೆ ನೇವಿ ಕ್ರಾಸ್ ಪದಕಕ್ಕೆ ಬರೆದ.

ಸಂಜೆ ಹೊತ್ತಿಗೆ ಆರರಲ್ಲಿ ಮೂರು ಸರಕು ಹಡಗು ಉರೀತಾ ದಡಕ್ಕೆ ಸಿಕ್ಕಿಹಾಕ್ಕೊಂಡಿದ್ವು. ಉಳಿದ ಮೂರು ಆ ರಾತ್ರಿ ಜಾಗ ಖಾಲಿ ಮಾಡಿದ್ವು. ಸೈನಿಕರೆಲ್ಲ ಇಳಿದಿದ್ರು, ಸಾಮಾನು ಮೂರರಲ್ಲಿ ಎರಡು ಪಾಲು ಇಳಿದಿತ್ತು. ಹಾಗಾಗಿ ಇದನ್ನ ಅಮೆರಿಕದ ದೊಡ್ಡ ಗೆಲುವು ಅಂತ ಹೇಳೋರ ಜೊತೆ ನಾನು ಒಪ್ಪಲ್ಲ, ಆ ಇಳಿದ ಸೈನಿಕರೇ ಹತ್ತು ದಿನದ ಮೇಲೆ ಫೀಲ್ಡಿನ ದಕ್ಷಿಣ ಅಂಚಿಗೆ ಬಂದು ಬಡ್ಕೊಂಡ್ರು, ಅದನ್ನ ತಡೆಯೋಕೆ ಮೆರೀನ್‌ಗಳ ಜೊತೆ ಆ ನಾರ್ತ್ ಡಕೋಟಾ ಹುಡುಗರೂ ಬೇಕಾದ್ರು. ಇಲ್ಲಿ ಆಗಿದ್ದು ಇಷ್ಟೇ, ಹಗಲು ಮತ್ತೆ ಅಮೆರಿಕನ್ನರ ಕೈಗೆ ಬಂತು, ಸರಕು ಹಡಗಿನ ದಾರಿ ಮುಚ್ತು.

ಅದಕ್ಕೆ ಕೊಟ್ಟ ಬೆಲೆ ಸಮುದ್ರದಲ್ಲೂ ಇತ್ತು. 15ರಂದೇ ಪೆಟ್ರೋಲ್ ತುಂಬಿದ ಬಾರ್ಜ್ (ಚಪ್ಪಟೆ ತಳದ ದೋಣಿ) ಎಳ್ಕೊಂಡು ಬರ್ತಿದ್ದ ಗುಂಪಿನ ಜೊತೆ ಇದ್ದ ಮೆರೆಡಿತ್ ಅನ್ನೋ ಡಿಸ್ಟ್ರಾಯರನ್ನ ಝುಯಿಕಾಕು ಅನ್ನೋ ಜಪಾನಿನ ವಿಮಾನವಾಹಕ ಹಡಗಿನ ವಿಮಾನಗಳು ನಿಮಿಷಗಳಲ್ಲಿ ಮುಳುಗಿಸಿದ್ವು. ಬದುಕಿ ಉಳಿದೋರು ತೆಪ್ಪಗಳಿಗೆ ಜೋತುಬಿದ್ದು ಮೂರು ದಿನ ನೀರಲ್ಲಿ, ಸುತ್ತ ಶಾರ್ಕ್. 16ಕ್ಕೆ ಮ್ಯಾಕ್‌ಫಾರ್ಲ್ಯಾಂಡ್ ಅನ್ನೋ ಹಡಗು 40,000 ಗ್ಯಾಲನ್ ಪೆಟ್ರೋಲ್ ತಂದು ಲುಂಗಾದಲ್ಲಿ ಇಳಿಸ್ತಾ ಇತ್ತು, ಜಪಾನಿ ಡೈವ್ ಬಾಂಬರುಗಳು ಬಂದ್ವು, ಪಕ್ಕದ ಪೆಟ್ರೋಲ್ ಬಾರ್ಜಿಗೆ ಬಾಂಬು ತಾಗಿ ಬೆಂಕಿ ಗೋಡೆ ಎದ್ದು ನಿಲ್ತು. ಸರಿಯಾಗಿ ಅದೇ ಗಳಿಗೆಗೆ ಲೆಫ್ಟಿನೆಂಟ್ ಕರ್ನಲ್ ಹೆರಾಲ್ಡ್ ಬೌವರ್ ತನ್ನ ಸ್ಕ್ವಾಡ್ರನ್ ಕರ್ಕೊಂಡು ದಕ್ಷಿಣದಿಂದ ಬರ್ತಿದ್ದ, ಉದ್ದ ಪ್ರಯಾಣ ಮಾಡಿ ಟ್ಯಾಂಕಲ್ಲಿ ತಳ ಕಾಣ್ತಿತ್ತು, ಇಳಿಯೋದು ಬಿಟ್ಟು ಒಬ್ಬನೇ ಆ ಬಾಂಬರುಗಳ ಬೆನ್ನಟ್ಟಿ ನಾಲ್ಕನ್ನ ಬೀಳಿಸಿ ಆಮೇಲೆ ಇಳಿದ. ಮುಂದಿನ ತಿಂಗಳು ಸಮುದ್ರಕ್ಕೆ ಬಿದ್ದು ಕಾಣೆಯಾದ, ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಸತ್ತ ಮೇಲೆ ಬಂತು.

ಜಪಾನಿನವರ ಲೆಕ್ಕ ಎಲ್ಲಿ ತಪ್ಪಿತು ಅಂತ ಕೇಳಿದ್ರೆ, ಸುಮಾರು ಜನ ಇನ್ನೂ ಎರಡು ರಾತ್ರಿ ಬ್ಯಾಟಲ್‌ಶಿಪ್ ತಂದಿದ್ರೆ ಸಾಕಿತ್ತು ಅಂತಾರೆ. ಇರಬಹುದು. ನನಗನ್ಸೋದು ಬೇರೆ. ಏರ್‌ಫೀಲ್ಡ್ ಅಂದ್ರೆ ಅವರು ವಿಮಾನ ಮತ್ತೆ ರನ್‌ವೇ ಅಂತ ಮಾತ್ರ ಲೆಕ್ಕ ಹಾಕಿದ್ರು, ಅವೆರಡೂ ಸುಟ್ಟ್ರೂ ಮತ್ತೆ ಬರೋ ವಸ್ತು. 17 ಡೈವ್ ಬಾಂಬರು, 20 ವೈಲ್ಡ್‌ಕ್ಯಾಟ್ ಎಸ್ಪಿರಿಟು ಸ್ಯಾಂಟೊಯಿಂದ ಕೂಡಲೇ ಹಾರಿ ಬಂದ್ವು, ರನ್‌ವೇ ಲಾರಿ ಲೆಕ್ಕದಲ್ಲಿ ಮುಚ್ಚಿಹೋಯ್ತು. ನಿಜವಾದ ಕತ್ತು ಇದ್ದಿದ್ದು ಪೆಟ್ರೋಲ್‌ನಲ್ಲಿ, ಅದನ್ನ ಎರಡು-ಮೂರು ದಿನ ಬಿಗಿಯಾಗಿ ಹಿಡಿದಿದ್ರೆ ಸಾಕಿತ್ತು, ಅದೃಷ್ಟಕ್ಕೆ ಹಿಡಿತ ಸ್ವಲ್ಪ ಸಡಿಲ ಆಯ್ತು. ಇನ್ನೊಂದು, ಇಳಿಸೋ ಜಾಗವನ್ನ ಸುಟ್ಟ ಫೀಲ್ಡಿನ ಮೂಗಿನಡಿಯಲ್ಲೇ ಆರಿಸ್ಕೊಂಡಿದ್ದು. ಫೀಲ್ಡ್ ಸತ್ತಿದೆ ಅಂತ ನಂಬಿದ್ರು, ಅದು ಮೂರ್ಛೆ ಬಿದ್ದಿತ್ತು ಅಷ್ಟೇ. 15ರಂದೇ ಪರ್ಲ್ ಹಾರ್ಬರ್‌ನಲ್ಲಿ ಕೂತ ಅಮೆರಿಕದ ಪೆಸಿಫಿಕ್ ನೌಕಾಪಡೆ ಮುಖ್ಯಸ್ಥ ನಿಮಿಟ್ಜ್ ಕಡೆಯವರೂ ಗ್ವಾಡಲ್‌ಕೆನಾಲ್ ಸುತ್ತಿನ ಸಮುದ್ರ ನಮ್ಮ ಹಿಡಿತದಲ್ಲಿಲ್ಲ ಅಂತ ಬರ್ಕೊಂಡಿದ್ರು, ಮೂರು ದಿನದಲ್ಲಿ ಅಲ್ಲಿನ ಮುಖ್ಯಸ್ಥ ಗೋರ್ಮ್ಲಿನ ತೆಗೆದು ಹಾಲ್ಸಿನ ಕೂರಿಸಿದ್ರು.

ನವೆಂಬರ್‌ನಲ್ಲಿ ಜಪಾನಿನವರು ಇದೇ ಆಟನ ಇನ್ನೂ ದೊಡ್ಡದಾಗಿ ಆಡಿದ್ರು, 11 ಸರಕು ಹಡಗು. ಈ ಸಲ ಬ್ಯಾಟಲ್‌ಶಿಪ್‌ಗಳೇ ವಾಪಸ್ ಹೋಗ್ಲಿಲ್ಲ, ಹಿಯೆ, ಕಿರಿಶಿಮಾ ಎರಡೂ ಮುಳುಗಿದ್ವು, ಆ 11ರಲ್ಲಿ ದಡಕ್ಕೆ ಬಂದು ಬಿದ್ದಿದ್ದು ನಾಲ್ಕೇ, ಅವನ್ನೂ ಬೆಳಗ್ಗೆ ಹೆಂಡರ್ಸನ್ ವಿಮಾನಗಳು ಬಂದು ಸುಟ್ವು. ಆಮೇಲೆ ಮತ್ತೆ ಇಲಿ ಸಾಗಣೆನೇ ಗತಿ. ಆ ಹೊತ್ತಿಗೆ ಕಾಡಲ್ಲಿದ್ದ ಜಪಾನಿ ಸೈನಿಕರು ಆ ದ್ವೀಪಕ್ಕೆ ಹಸಿವಿನ ದ್ವೀಪ ಅಂತಲೇ ಹೆಸರಿಟ್ಟುಬಿಟ್ಟಿದ್ರು. ಡಿಸ್ಟ್ರಾಯರ್ ನಿಲ್ಲಿಸಿ ಇಳಿಸೋಕೂ ಟೈಮ್ ಇಲ್ಲದೆ ಹೊಸ ದಾರಿ ಹುಡುಕಿದ್ರು, ಖಾಲಿ ಎಣ್ಣೆ ಡ್ರಮ್ ತೊಳೆದು ಅದರಲ್ಲಿ ಅಕ್ಕಿ ತುಂಬಿ, ತೇಲೋಕೆ ಸ್ವಲ್ಪ ಜಾಗ ಬಿಟ್ಟು, ಹಗ್ಗಕ್ಕೆ ಪೋಣಿಸಿ ರಾತ್ರಿ ದಡದ ಹತ್ತಿರ ನೀರಿಗೆ ಬಿಟ್ಟು ಓಡೋದು, ದಡದಲ್ಲಿರೋರು ಹಗ್ಗ ಹಿಡಿದು ಎಳ್ಕೋಬೇಕು. ಹಸಿದ ಜನಕ್ಕೆ ಎಳೆಯೋ ಶಕ್ತಿ ಎಲ್ಲಿಂದ ಬರ್ಬೇಕು. ಡಿಸೆಂಬರ್ 3ರ ರಾತ್ರಿ 1,500 ಡ್ರಮ್ ಬಿಟ್ರು. ಬೆಳಗಾದ ಮೇಲೆ ಹೆಂಡರ್ಸನ್‌ನಿಂದ ವಿಮಾನಗಳು ಬಂದು ತೇಲ್ತಾ ಇದ್ದ ಡ್ರಮ್‌ಗಳನ್ನ ಒಂದೊಂದಾಗಿ ಮೆಷಿನ್‌ಗನ್‌ನಲ್ಲಿ ತೂತು ಮಾಡಿದ್ವು. ದಡ ಸೇರಿದ್ದು 310.